ಟಿಕ್ ಟಿಕ್ ಸಾಕು

ನಾಲ್ಕು ತಿಂಗಳ ಮಳೆಯಲ್ಲಿ ಗಂಟಲು ಕಟ್ಟಿದ್ದ ನನ್ನ ಸೈಕಲ್ಲಿಗೆ ಮೊನ್ನೆ ಶನಿವಾರ ದನಿ ಬಂತು. ಚಿತ್ತೆ ಮಳೆ ಹಿಂದೆ ಸರಿದು ಅಂಗಳಕ್ಕೆ ಎರಡು ದಿನ ನೆಟ್ಟಗೆ ಬಿಸಿಲು ಬಿದ್ದಿತ್ತು. ಹಿಂದಿನ ಚಕ್ರ ಬಿಚ್ಚಿ ಜಗಲಿ ಮೇಲೆ ಮಲಗಿಸಿ, ಫ್ರೀವೀಲಿನ ಸಂದಿಗೆ ಡೀಸೆಲ್ ಹನಿಸುತ್ತ ಕಪ್ಪು ನೀರು ತಿಳಿಯಾಗುವವರೆಗೂ ತಿರುಗಿಸಿದೆ. ಒರೆಸಿದೆ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ನಾಲ್ಕೇ ನಾಲ್ಕು ಹನಿ ಬಿಟ್ಟೆ. ಬೆರಳಿನಿಂದ ಹಿಂದಕ್ಕೆ ತಿರುಗಿಸಿದರೆ, ಟಿಕ್ ಟಿಕ್ ಟಿಕ್ ಟಿಕ್. ಆರಿದ್ರಾ ಮಳೆಯಲ್ಲಿ ಹೋದ ದನಿ ಮರಳಿ ಬಂದ ಆ ಗಳಿಗೆಯ ಖುಷಿಗೆ ಚಹಾ ಆರಿ ತಣ್ಣಗಾಗಿದ್ದೂ ಗೊತ್ತಾಗಲಿಲ್ಲ.

ಇಸಳೂರಿನಲ್ಲಿ ನನ್ನ ಬೆಳಗಿನ ದಾರಿ ಶುರುವಾಗುವುದು ಮನೆ ಹಿಂದಿನ ಧರೆ ಇಳಿದಲ್ಲಿ. ಉಣಗೋಲು ಸರಿಸಿದರೆ ತೋಟದ ದೊಡ್ಡ ಕಾಲುವೆ. ಒಂದು ಪಕ್ಕ ಅಡಿಕೆ ಸಾಲು, ಇನ್ನೊಂದು ಪಕ್ಕ ನೀರು, ನಡುವೆ ಎರಡು ಹೆಜ್ಜೆ ಅಗಲದ ಕಾಲುಹಾದಿ. ಅಲ್ಲಿ ಸೈಕಲ್ ತಳ್ಳಿಕೊಂಡು ನಡೆಯಬೇಕು. ಸಂಕ ಬಂದಲ್ಲಿ ಹೆಗಲಿಗೇರಿಸಬೇಕು. ಗದ್ದೆ ಬಯಲಿಗೆ ಬಿದ್ದ ಮೇಲೆ ಹತ್ತಬಹುದು, ಕೆರೆ ಏರಿಯ ಮೇಲೆ ಆರಾಮವಾಗಿ ತುಳಿಯಬಹುದು. ‘ಸೈಕಲ್ ಇಟ್ಕೊಂಡು ಅರ್ಧ ದಾರಿ ನಡೀತ್ರಲ್ಲ’ ಎಂದು ಕೇಳುವವರಿದ್ದಾರೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಮೊದಲ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ಅದರ ಮೇಲೆ ಕೂತು ಕಾಲಿನಿಂದ ನೆಲ ಒದೆಯುತ್ತ ಹೋಗಬೇಕಿತ್ತು. ಸೈಕಲ್ ಹುಟ್ಟಿದ್ದೇ ನಡಿಗೆಯ ಮಡಿಲಲ್ಲಿ. ನೀರಿನ ಪಕ್ಕದ ದಾರಿಯಲ್ಲಿ ಅವೆರಡನ್ನೂ ಬೇರೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಭಾನುವಾರಗಳಂದು ದೂರ ಹೋಗುತ್ತೇನೆ. ದೊಡ್ಡ ರಸ್ತೆ ಹಿಡಿದು ಎಕ್ಕಂಬಿ ದಾಟಿ ಮಳಗಿಗೆ. ಅಲ್ಲಿ ಧರ್ಮಾ ಜಲಾಶಯವಿದೆ. ವರದಾ ನದಿಯನ್ನು ಸೇರಬೇಕಾದ ಧರ್ಮಾ ಹೊಳೆಗೆ ಮುಂಡಗೋಡ ತಾಲೂಕಿನಲ್ಲಿ ಕಟ್ಟೆ. ಅದರ ಕಾಲುವೆ ನೀರು ಹರಿಯುವುದು ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಗದ್ದೆಗಳಿಗೆ, ಕೆರೆಗಳಿಗೆ. ಆ ಕಾಲುವೆ ಏರಿಯ ಮೇಲೆ ಮೂಡಣಕ್ಕೆ ತುಳಿಯುತ್ತ ಹೋದರೆ ಮಲೆನಾಡು ಕಣ್ಣೆದುರೇ ಮುಗಿಯುತ್ತದೆ. ಕಾಡು ತೆಳುವಾಗುತ್ತದೆ, ಆಕಾಶ ಅಗಲವಾಗುತ್ತದೆ, ಮಣ್ಣು ಕಪ್ಪಾಗುತ್ತದೆ. ‘ಎಲ್ಲಿಗೆ ಹೊರಟ್ರಿ?’ ಎನ್ನುತ್ತಿದ್ದ ಜನ ‘ಎಲ್ಲಿಗ್ ಹೊಂಟೀರಿ?’ ಎನ್ನತೊಡಗುತ್ತಾರೆ. ಬಸ್ಸಿನಲ್ಲಿ ಕೂತು ಹೋದರೆ ಈ ಬದಲಾವಣೆ ಕಿಟಕಿಯಾಚೆ ಸರಿದುಹೋಗುತ್ತದೆ. ಕಾಲುವೆ ಜೊತೆ ಹೋದರೆ ಅದು ಮೈಗೇ ತಾಗುತ್ತದೆ, ಏಕೆಂದರೆ ನೀರು ಏರು ಹತ್ತುವುದಿಲ್ಲ. ನೆಲದ ಇಳಿಜಾರನ್ನು ಹುಡುಕಿಕೊಂಡು, ದಿಬ್ಬ ಬಂದಲ್ಲಿ ಸುತ್ತು ಹಾಕಿ, ಅವಸರವಿಲ್ಲದೆ ಹೋಗುತ್ತದೆ. ಅದರ ಪಕ್ಕದ ದಾರಿಯೂ ಹಾಗೆಯೇ. ಕಾಲುವೆ ಏರಿಯಲ್ಲಿ ಸೈಕಲ್ ತುಳಿದು ಯಾರಿಗೂ ಏದುಸಿರು ಬಂದಿಲ್ಲ.

ಈಗ ಫ್ರೀವೀಲಿನ ವಿಷಯ. ಅದರೊಳಗಿರುವುದು ಎರಡು ಪುಟ್ಟ ಉಕ್ಕಿನ ನಾಲಿಗೆ, ಅವನ್ನು ಎತ್ತಿ ಹಿಡಿಯುವ ಕೂದಲೆಳೆಯಂಥ ಸ್ಪ್ರಿಂಗ್, ಸುತ್ತ ಗರಗಸದಂಥ ಹಲ್ಲು. ಮುಂದಕ್ಕೆ ತುಳಿದಾಗ ನಾಲಿಗೆ ಹಲ್ಲಿಗೆ ಸಿಕ್ಕಿ ಚಕ್ರವನ್ನು ಎಳೆಯುತ್ತದೆ. ತುಳಿಯುವುದನ್ನು ಬಿಟ್ಟರೆ ಹಲ್ಲುಗಳು ನಾಲಿಗೆಯ ಮೇಲೆ ಜಾರಿ ಹೋಗುತ್ತವೆ. ಒಂದೊಂದು ಹಲ್ಲಿಗೂ ಒಂದು ಟಿಕ್. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಹೆಚ್ಚಿನ ಸೈಕಲ್ಲುಗಳಿಗೆ ಈ ಭಾಗ್ಯ ಇರಲಿಲ್ಲ. ಚಕ್ರ ತಿರುಗಿದಷ್ಟು ಹೊತ್ತೂ ಪೆಡಲ್ ತಿರುಗುತ್ತಿತ್ತು, ಸವಾರನ ಕಾಲಿಗೆ ಬಿಡುವಿರಲಿಲ್ಲ. ಕಾಲಿಗೆ ಬಿಡುವು ಸಿಕ್ಕಾಗ ಸೈಕಲ್ ಆಡುವ ಮಾತೇ ಈ ಟಿಕ್ ಟಿಕ್.

ನನ್ನ ಉಪಾಯ ಇಷ್ಟೇ. ಏರಿಯ ಮೇಲೆ ಮುಂದೆ ಯಾರಾದರೂ ನಡೆಯುತ್ತಿದ್ದರೆ ಇಪ್ಪತ್ತು ಮಾರು ದೂರದಲ್ಲೇ ತುಳಿಯುವುದನ್ನು ನಿಲ್ಲಿಸಬೇಕು. ಸೈಕಲ್ ತನ್ನಷ್ಟಕ್ಕೆ ಉರುಳುತ್ತದೆ, ಟಿಕ್ ಟಿಕ್ ಮುಂದೆ ಹೋಗುತ್ತದೆ. ಸಾಲದಿದ್ದರೆ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಸದ್ದು ಚುರುಕಾಗುತ್ತದೆ. ಮುಂದಿನವರು ತಾವಾಗಿ, ತಮಗೆ ಬೇಕಾದಾಗ, ತಮಗೆ ಬೇಕಾದ ಕಡೆ ತಿರುಗುತ್ತಾರೆ. ಆಮೇಲೆ ನಾವು ಇಳಿಯಬೇಕು. ಇಳಿದು ಸೈಕಲ್ಲನ್ನು ನೀರಿನ ಕಡೆಗೆ ವಾಲಿಸಿ ನಿಲ್ಲಿಸಿ, ಗದ್ದೆ ಕಡೆಯ ನೆಲವನ್ನು ಅವರಿಗೆ ಬಿಡಬೇಕು. ಹೊರೆ ಹೊತ್ತವರಿಗೆ ಗಟ್ಟಿ ನೆಲ, ಬರಿಗೈಯವರಿಗೆ ಅಂಚು.

ಇದನ್ನು ನನಗೆ ಕಲಿಸಿದ್ದು ಒಬ್ಬ ಹೆಂಗಸು. ಆಗ ನನಗೆ ಹದಿನಾರು ವರ್ಷ, ಹೊಸ ಗಂಟೆ. ತೋಟದ ಕಾಲುವೆ ದಾರಿಯಲ್ಲಿ ಸೊಪ್ಪಿನ ಹೊರೆ ಹೊತ್ತು ಆಕೆ ಹೋಗುತ್ತಿದ್ದಳು. ಹಿಂದಿನಿಂದ ಸೊಪ್ಪು ಮಾತ್ರ ಕಾಣುತ್ತಿತ್ತು, ಅದರ ಕೆಳಗೆ ಎರಡು ಹಿಮ್ಮಡಿ. ಹತ್ತಿರ ಹೋಗಿ ಟ್ರಿಣ್ ಎನ್ನಿಸಿದೆ. ಹೊರೆ ಹೊತ್ತವರು ಕತ್ತು ತಿರುಗಿಸಲಾರರು. ತಿರುಗಿದರೆ ಇಡೀ ಮೈಯೇ ತಿರುಗಬೇಕು. ಆಕೆ ಬೆಚ್ಚಿ ತಿರುಗಿದಳು, ಹೊರೆಯ ತುದಿ ಅಡಿಕೆ ಮರಕ್ಕೆ ಬಡಿಯಿತು, ಒಂದು ಕಾಲು ಹಾವಸೆ ಮೇಲೆ ಜಾರಿ ಮೊಣಕಾಲವರೆಗೆ ಕಾಲುವೆಗಿಳಿಯಿತು. ಹೊರೆಯನ್ನು ಬಿಡಲಿಲ್ಲ. ಅಲ್ಲೇ ನಿಂತು, ಉಸಿರು ಹಿಡಿದುಕೊಂಡು ಹೇಳಿದಳು: ‘ಗಂಟೆ ದೇವಸ್ಥಾನದಾಗೆ ಇರ್ಲಿ ತಮ್ಮಾ. ನಿಂಗೆ ಬಾಯಿಲ್ವಾ?’ ಅವತ್ತು ಸಂಜೆಯೇ ಗಂಟೆಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಇವತ್ತಿಗೂ ನನ್ನ ಹ್ಯಾಂಡಲ್ಲಿನ ಮೇಲೆ ಗಂಟೆ ಇಲ್ಲ. ರಸ್ತೆಗೆ ಗಂಟೆ ಬೇಕು ಎನ್ನುವವರಿಗೆ ನನ್ನ ತಕರಾರಿಲ್ಲ. ರಸ್ತೆಯಲ್ಲಿ ನನ್ನ ಬಾಯಿಯೇ ಗಂಟೆ.

ಈ ವಿಷಯದಲ್ಲಿ ಸೈಕಲ್ ಗೆಳೆಯರೊಡನೆ ನನ್ನ ಜಗಳ ಹಳೆಯದು. ಗಂಟೆಯ ಪಕ್ಷದವರು ಲಂಡನ್ನಿನ ಉದಾಹರಣೆ ಕೊಡುತ್ತಾರೆ. ಅಲ್ಲಿ 1820ರಲ್ಲಿ ಪೂರ್ತಿ ತೆರೆದ ರೀಜೆಂಟ್ಸ್ ಕಾಲುವೆಯ ದಂಡೆಯಲ್ಲಿ ಸವಾರರು ಎರಡು ಸಲ ಗಂಟೆ ಬಾರಿಸಬೇಕೆಂದು ಹೇಳಿಕೊಟ್ಟಿದ್ದು ನಿಜ. ಆದರೆ ಆ ದಂಡೆ ಯಾರದು ಎಂಬುದನ್ನು ಅವರು ಮರೆಯುತ್ತಾರೆ. ಅದು ಕುದುರೆಗಳ ದಾರಿ. ಸರಕಿನ ದೋಣಿಗೆ ಹಗ್ಗ ಕಟ್ಟಿ ಕುದುರೆ ದಡದ ಮೇಲೆ ನಡೆಯುತ್ತಿತ್ತು. ವರ್ಷಗಟ್ಟಲೆ ಹಗ್ಗ ಉಜ್ಜಿದ ಗುರುತು ಅಲ್ಲಿನ ಸೇತುವೆಗಳ ಅಂಚಿನಲ್ಲಿ ಬೆರಳು ಕೂರುವಷ್ಟು ಆಳಕ್ಕೆ ಇದೆ. ದಾರಿ ಮಾಡಿಕೊಂಡದ್ದು ಕೆಲಸ. ಸವಾರಿ ಬಂದದ್ದು ಆಮೇಲೆ. ನಮ್ಮ ಕಡೆಯೂ ಅಷ್ಟೇ. ತೋಟದ ಕಾಲುವೆ ದಾರಿ ಇರುವುದು ಸೊಪ್ಪು, ಗೊಬ್ಬರ, ಕೊನೆ ಹೊರುವವರಿಗೆ. ಧರ್ಮಾ ಕಾಲುವೆ ಏರಿ ಇರುವುದು ಗುದ್ದಲಿ ಹೆಗಲಿಗಿಟ್ಟು ನೀರು ನೋಡಿಕೊಳ್ಳುವ ನೀರಗಂಟಿಗೆ. ಅವರು ದಿನವೂ ತುಳಿದಿದ್ದಕ್ಕೆ ಅಲ್ಲಿ ಹುಲ್ಲು ಬೆಳೆಯದೆ ದಾರಿ ಉಳಿದಿದೆ. ಯಾರ ಹೆಜ್ಜೆಯಿಂದ ದಾರಿಯಾಯಿತೋ ಅವರಿಗೇ ‘ಸರಿ’ ಎಂದು ಗಂಟೆ ಬಾರಿಸುವುದು ಯಾವ ನ್ಯಾಯ?

ಇನ್ನೊಂದು ಪಕ್ಷ ಗ್ರೀಸಿನದು. ಫ್ರೀವೀಲಿಗೆ ಗಟ್ಟಿ ಗ್ರೀಸ್ ತುಂಬಿ ‘ನೋಡಿ, ಸದ್ದೇ ಇಲ್ಲ’ ಎಂದು ಹೆಮ್ಮೆಪಡುವವರು. ಗ್ರೀಸಿನಲ್ಲಿ ನಾಲಿಗೆ ಅಂಟಿಕೊಳ್ಳುತ್ತದೆ. ಚಳಿಯ ಬೆಳಿಗ್ಗೆ ಜೋರಾಗಿ ಒಂದು ತುಳಿತ ತುಳಿದರೆ ನಾಲಿಗೆ ಏಳದೆ ಪೆಡಲ್ ಖಾಲಿ ತಿರುಗಿ, ಮೊಣಕಾಲು ಹೋಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹಾಗಾಗದಿದ್ದರೂ, ಸದ್ದಿಲ್ಲದ ಸೈಕಲ್ ಏರಿಯ ಮೇಲೆ ಹಾವು ಬಂದಂತೆ ಬರುತ್ತದೆ. ಹತ್ತಿರ ಬರುವುದನ್ನು ಮುಚ್ಚಿಟ್ಟು, ಹತ್ತಿರ ಬಂದ ಮೇಲೆ ಬೆಚ್ಚಿಬೀಳಿಸುವುದು ಸೊಗಸು ಹೇಗಾದೀತು?

2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಗದ್ದೆ ಬಯಲಿನ ದಾರಿಗಳೆಲ್ಲ ಒಂದೇ ನಮೂನೆಯ ಸೈಕಲ್ಲುಗಳಿಂದ ತುಂಬಿದ್ದವು. ಹೈಸ್ಕೂಲು ದೂರ ಎಂದು ಮನೆಯಲ್ಲುಳಿಯಬಹುದಾಗಿದ್ದ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು. ಆ ಮಕ್ಕಳಿಗೆ ಯಾರೂ ನಿಯಮ ಬರೆದುಕೊಟ್ಟಿರಲಿಲ್ಲ. ಹೊರೆ ಎದುರಾದರೆ ಇಡೀ ಸಾಲೇ ಇಳಿಯುತ್ತಿತ್ತು. ಹೊರೆ ಹೊತ್ತವರು ಅವರ ಅಮ್ಮನೋ ಚಿಕ್ಕಮ್ಮನೋ ಆಗಿರುತ್ತಿದ್ದರು.

ಈಚೆಗೆ ಬರುವವರ ರೀತಿ ಬೇರೆ. ಕಾರಿನಲ್ಲಿ ಬರುತ್ತಾರೆ, ಕೆರೆ ಏರಿಯ ಬಾಯಲ್ಲೇ ಅಡ್ಡ ನಿಲ್ಲಿಸುತ್ತಾರೆ, ಕೈಯಲ್ಲಿ ಹಾಡುವ ಸ್ಪೀಕರ್ ಹಿಡಿದು ನಾಲ್ಕು ಜನ ಅಡ್ಡ ಸಾಲಾಗಿ ನಡೆಯುತ್ತಾರೆ. ಅಂಥವರಿಗೆ ಟಿಕ್ ಟಿಕ್ ಕೇಳಿಸುವುದೇ ಇಲ್ಲ. ಕಾರು ಏರಿಯ ಮೇಲೇ ಬಂದರಂತೂ ನನಗೆ ತಡೆದುಕೊಳ್ಳಲಾಗುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಮೂವತ್ತು ಜನ ಹೋದರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಕಾಲುವೆಯ ಅಂಚು ಎಷ್ಟು ಸನಿಹ ಎಂಬುದು ನಡೆಯುವವರಿಗೆ ಗೊತ್ತು. ಗಾಜಿನೊಳಗೆ ಕೂತವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಅದಕ್ಕಿಂತ ನೋವು ಕೊಡುವುದು ಸಿಮೆಂಟು. ಶಿರಸಿ ಸುತ್ತ ಜೀವಜಲ ಕಾರ್ಯಪಡೆ ಕೆರೆಗಳ ಹೂಳೆತ್ತಿದ್ದನ್ನು ನಾನು ಕೈಮುಗಿದು ನೆನೆಯುತ್ತೇನೆ. ಕೆರೆಗೆ ಬೇಕಾದದ್ದು ಆಳ. ಆದರೆ ಒಂದು ಊರಿನಲ್ಲಿ ನೀರಿನ ಪಕ್ಕದ ಹಾದಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಕಾಲುವೆಯ ಎರಡೂ ಮೈಗೆ ಕಾಂಕ್ರೀಟ್ ಬಳಿದು, ಉಕ್ಕಿನ ಕಂಬ ನೆಟ್ಟು ‘ವಾಕಿಂಗ್ ಪಾತ್’ ಎಂದು ಬೋರ್ಡು ಹಾಕಿದ್ದನ್ನು ನೋಡಿದೆ. ಒಂದೇ ಮಳೆಗಾಲಕ್ಕೆ ಇಟ್ಟಿಗೆಯ ಮೇಲೆ ಪಾಚಿ ಹಿಡಿದು, ನಡೆಯುವವರು ಪಕ್ಕದ ಮಣ್ಣಿನ ಮೇಲೆ ಹೊಸ ದಾರಿ ಮಾಡಿಕೊಂಡಿದ್ದರು. ಮಣ್ಣಿನ ಏರಿ ಮಳೆಯನ್ನು ಕುಡಿಯುತ್ತದೆ, ಟೈರನ್ನು ಹಿಡಿದುಕೊಳ್ಳುತ್ತದೆ, ಹೆಜ್ಜೆಗೆ ಒಂದಿಷ್ಟು ಬಾಗುತ್ತದೆ. ಸಿಮೆಂಟಿಗೆ ಇದೊಂದೂ ಬರುವುದಿಲ್ಲ.

ಒಂದೆಲಗವೂ ಅಲ್ಲಿ ಇರಲಿಲ್ಲ. ನನ್ನ ಸಿಟ್ಟಿನ ಬೇರು ಬಹುಶಃ ಇದೇ. ತೋಟದ ಕಾಲುವೆಯ ದಡದಲ್ಲಿ, ನೀರು ಮುಟ್ಟಿಯೂ ಮುಟ್ಟದಂತಿರುವ ಜಾಗದಲ್ಲಿ, ಒಂದೆಲಗ ತನ್ನಷ್ಟಕ್ಕೆ ಹರಡಿಕೊಳ್ಳುತ್ತದೆ. ಒಂದೊಂದು ಗಿಣ್ಣಿಗೂ ಬೇರಿಳಿಸಿ ಮಣ್ಣನ್ನು ಹಿಡಿದು ಕೂರುತ್ತದೆ. ಪಕ್ಕದಲ್ಲಿ ಕೆಸು, ಅದರ ಬುಡದಲ್ಲಿ ಏಡಿಯ ಬಿಲ, ಆಚೆ ಬೇಲಿಗೂಟದ ಮೇಲೆ ಮಿಂಚುಳ್ಳಿ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಉಂಬಳ ಹತ್ತದಂತೆ ಕಾಲು ಕೊಡವುತ್ತ, ಎಳೆಯ ಎಲೆಗಳನ್ನೇ ಚಿವುಟಿ ಜೇಬಿಗೆ ಹಾಕಿಕೊಳ್ಳುತ್ತೇನೆ. ತಂಬುಳಿಗೆ ಒಂದು ಹಿಡಿ ಸಾಕು. ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಮತ್ತು ಹಸಿ ಎಲೆಯ ಜೊತೆ ನುಣ್ಣಗೆ ಬೀಸಿ, ಹುಳಿಯಾಗದ ಮಜ್ಜಿಗೆಯಲ್ಲಿ ಕದಡಬೇಕು. ಕುದಿಸಬಾರದು, ಕುದಿಸಿದರೆ ಆ ಕಾಲುವೆ ದಡದ ಹಸಿ ಪರಿಮಳ ಹೋಗುತ್ತದೆ. ಬಿಸಿ ಅನ್ನದ ಮೇಲೆ ತಣ್ಣನೆಯ ತಂಬುಳಿ ಬಿದ್ದಾಗ ಬೆಳಗಿನ ದಾರಿ ಇನ್ನೊಮ್ಮೆ ಬಾಯಿಗೆ ಬರುತ್ತದೆ. ಮಣ್ಣಿನ ದಡ ಹೋದರೆ ಈ ಊಟವೂ ಹೋಯಿತು.

ಮೊನ್ನೆ ಶನಿವಾರ ಎಣ್ಣೆ ಬಿಟ್ಟೆನಲ್ಲ, ಮರುದಿನ ಮಳಗಿಗೆ ಹೋದೆ. ಬಿಸಿಲು ಏರಿರಲಿಲ್ಲ. ಕಾಲುವೆಯ ನೀರಿನ ಮೇಲೆ ಮಂಜು ಎಳೆಎಳೆಯಾಗಿ ಎದ್ದು ಗದ್ದೆ ಕಡೆ ಹೋಗುತ್ತಿತ್ತು. ಮುಂದೆ ದೂರದಲ್ಲಿ ಒಬ್ಬರು, ಹೆಗಲ ಮೇಲೆ ಗುದ್ದಲಿ, ತಲೆಗೆ ಸುತ್ತಿದ ಟವೆಲ್ಲು. ತುಳಿಯುವುದನ್ನು ನಿಲ್ಲಿಸಿದೆ. ಟಿಕ್ ಟಿಕ್ ಟಿಕ್. ಅವರು ತಿರುಗಿ ನೋಡಲಿಲ್ಲ; ಅರ್ಧ ಹೆಜ್ಜೆ ಗದ್ದೆ ಕಡೆ ಸರಿದು, ನಡಿಗೆಯನ್ನು ಒಂದಿಷ್ಟು ನಿಧಾನ ಮಾಡಿದರು. ನಾನು ಇಳಿದು ಪಕ್ಕಕ್ಕೆ ಹೋದೆ.

‘ಎಣ್ಣಿ ಬಿಟ್ಟೀರಲ್ರಿ ಸೈಕಲ್ಲಿಗೆ’ ಎಂದರು. ‘ಹ್ವಾದ ಸಲ ಸಪ್ಪಳನ ಇರಲಿಲ್ಲ.’

ಹೋದ ಸಲ ಎಂದರೆ ಜೂನ್ ಕೊನೆಯ ವಾರ. ಮುಂದಿನ ತೂಬಿನವರೆಗೆ ಇಬ್ಬರೂ ನಡೆದೆವು. ಅಲ್ಲಿ ಅವರು ಗುದ್ದಲಿ ಇಳಿಸಿ, ತೂಬಿನ ಬಾಯಿಗೆ ಸಿಕ್ಕಿದ್ದ ಕಸ ಎಳೆದು ಹಾಕಿದರು. ಕಟ್ಟಿಕೊಂಡಿದ್ದ ನೀರು ಒಮ್ಮೆ ಗುಳುಗುಳು ಎಂದು ಗದ್ದೆಗೆ ಇಳಿಯತೊಡಗಿತು. ‘ಹೋಗ್ರಿ ಇನ್ನ’ ಎಂದು ಅವರು ಕೈ ಮಾಡಿದ ಮೇಲೆ ನಾನು ಸೈಕಲ್ ಹತ್ತಿದೆ.