ಸದ್ದು ನುಂಗುವ ತೆಂಗಿನ ನಾರು

ನಮ್ಮೂರ ಸಮುದಾಯ ಭವನದಲ್ಲಿ ಗ್ರಾಮಸಭೆ ನಡೆದರೆ ಹಿಂದೆ ಕೂತ ಹೆಂಗಸರಿಗೆ ಮಾತು ತಿಳಿಯುವುದಿಲ್ಲ. ಫಲಾನುಭವಿಗಳ ಪಟ್ಟಿ ಓದುತ್ತಾರೆ, ಹೆಸರು ಯಾರದೆಂದೇ ಗೊತ್ತಾಗದು. ನಮ್ಮವ್ವ ಮನೆಗೆ ಬಂದು "ಏನಂದ್ರು?" ಅಂತ ನನ್ನನ್ನೇ ಕೇಳುತ್ತಾಳೆ. ಮೈಕ್ ಜೋರು ಮಾಡಿದರೆ ಗದ್ದಲವೂ ಜೋರು. ಸಿಮೆಂಟ್ ಗೋಡೆ, ಟೈಲ್ಸ್ ನೆಲ, ತಗಡಿನ ಚಾವಣಿಗೆ ಸದ್ದು ಬಡಿದು ವಾಪಸ್ ಬರುತ್ತಲೇ ಇರುತ್ತದೆ. ಒಂದು ಪದದ ಬಾಲ ಮುಂದಿನ ಪದವನ್ನು ಮುಚ್ಚಿಬಿಡುತ್ತದೆ.

ಮದ್ದು ನಮ್ಮ ತೋಟದಲ್ಲೇ ಇದೆ. ತಿಪಟೂರು ಕಡೆ ತೆಂಗಿನ ಮಟ್ಟೆಗೆ ಬರವಿಲ್ಲ, ಎಷ್ಟೋ ನೀರೊಲೆಗೆ ಹೋಗುತ್ತದೆ. ಆ ನಾರನ್ನು ಸಡಿಲವಾಗಿ ಒತ್ತಿ ಹಲಗೆ ಮಾಡಿದರೆ, ಸದ್ದು ಎಳೆಗಳ ನಡುವೆ ನುಗ್ಗಿ, ಗಾಳಿ ನಾರಿಗೆ ಉಜ್ಜಿ, ತುಸು ಶಾಖವಾಗಿ ಅಲ್ಲೇ ಅಡಗುತ್ತದೆ. ಗೋಡೆಗೆ ಅಂಟಿಸದೆ ಎರಡಿಂಚು ಜಾಗ ಬಿಟ್ಟರೆ ತಗ್ಗು ದನಿಯನ್ನೂ ಇನ್ನಷ್ಟು ಹಿಡಿಯುತ್ತದೆ. (ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ, ಅದರಿಂದ ಹೆಚ್ಚೇನೂ ಆಗದು.) ಇದು ಹೊಸದಲ್ಲ. 1920ರ ದಶಕದಲ್ಲೇ ಅಮೆರಿಕದ ಲೂಯಿಸಿಯಾನಾದಲ್ಲಿ ಕಬ್ಬಿನ ಸಿಪ್ಪೆಯಿಂದ 'ಸೆಲೊಟೆಕ್ಸ್' ಹಲಗೆ ಮಾಡುತ್ತಿದ್ದರು. ತೂತು ಕೊರೆದ ಹಲಗೆಗಳನ್ನು ಸದ್ದಡಗಿಸಲು ಬಳಸಿದರು.

ನನ್ನ ತಕರಾರು ಅಂಟಿನದು. ನಾರು ನಮ್ಮದು, ಅಂಟು ಫಾರ್ಮಾಲ್ಡಿಹೈಡ್‌ನದು ಎಂದಾದರೆ ಅದನ್ನು ಹಸಿರು ಅನ್ನುವುದು ಹೇಗೆ? ಹಾಸಿಗೆಗೆ ಮಾಡುವಂತೆ ರಬ್ಬರ್ ಹಾಲಿನಿಂದಲೂ ನಾರನ್ನು ಹಿಡಿಸಬಹುದು. ಇನ್ನು ಬೆಂಕಿಯ ಭಯ. ಅಂಟಿಗೆ ಮೊದಲೇ ನಾರನ್ನು ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ಅದ್ದಿ ಒಣಗಿಸಿದರೆ ಬೆಂಕಿ ಬೇಗ ಹತ್ತದು, ಗೆದ್ದಲೂ ಸುಲಭಕ್ಕೆ ಮುಟ್ಟದು. ಆದರೆ ನೀರು ಬಿದ್ದರೆ ಅದು ತೊಳೆದುಹೋಗುತ್ತದೆ. ನಮ್ಮ ಭವನದ ಚಾವಣಿಯೋ, ಮೂರು ಕಡೆ ಸೋರುತ್ತದೆ. ದುಡ್ಡು ಮೊದಲು ಅದಕ್ಕೆ.