ಬೇರಿನ ಬೆಲೆ

ಮನೆಯಲ್ಲಿ ನಾವು ‘ಖಸ್’ ಎನ್ನುತ್ತೇವೆ, ಮಾಳಮಡ್ಡಿಯ ಅಂಗಡಿಯಲ್ಲಿ ‘ಲಾವಂಚ’ ಎಂದು ಕೇಳುತ್ತೇನೆ. ಬೇಸಿಗೆಯಲ್ಲಿ ದಾದಿ ಅದರ ಬೇರನ್ನು ನೀರಿನ ಗಡಿಗೆಗೆ ಹಾಕುತ್ತಾರೆ. ಇದು ಹಿಂಡಾಗಿ ಬೆಳೆಯುವ ಬಹುವಾರ್ಷಿಕ ಹುಲ್ಲು, ನಮ್ಮ ಜೋಳದ ಸಂಬಂಧಿ. ಬೆಳೆಸುವ ತಳಿಯಲ್ಲಿ ಮೊಳೆಯುವ ಬೀಜ ಅಪರೂಪ. ಬುಡ ಸೀಳಿ ನೆಡಬೇಕು, ಆದ್ದರಿಂದ ಕಳೆಯಂತೆ ಹಬ್ಬುವುದಿಲ್ಲ. ಬೇರು ಪಕ್ಕಕ್ಕೆ ಹರಡದೆ 3 ಮೀಟರ್‌ವರೆಗೂ ಕೆಳಗಿಳಿಯಬಲ್ಲದು. ಸಾಲಾಗಿ ನೆಟ್ಟರೆ ಮಳೆನೀರನ್ನು ತಡೆದು ಮಣ್ಣನ್ನು ಹಿಡಿಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಇದನ್ನು ತಲೆಮಾರುಗಳಿಂದ ಹೊಲದ ಬದುವಿಗೆ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಇದೇ ವಿಧಾನಕ್ಕೆ ಪ್ರಚಾರ ಕೊಟ್ಟಿತು.

ವಾಣಿಜ್ಯ ಓದುವ ನನಗೆ ಇಲ್ಲೊಂದು ತೊಡಕು ಕಾಣುತ್ತದೆ. ಬೇರು ಮಾರಬೇಕಾದರೆ ಗಿಡವನ್ನೇ ಅಗೆಯಬೇಕು. ಬಂದ ಹಣವನ್ನು ಜಮಾ ಬರೆಯುತ್ತೇವೆ, ಕೊಚ್ಚಿಹೋದ ಮಣ್ಣನ್ನು ಯಾವ ಖಾತೆಗೂ ಬರೆಯುವುದಿಲ್ಲ.

ಹೋದ ವರ್ಷ ನನ್ನ ಫೀಸಿಗೆಂದು ಅಬ್ಬಾ ಹೊಲಿಗೆ ಯಂತ್ರ ಮಾರಲು ಹೊರಟಿದ್ದರು. “ಯಂತ್ರ ಹೋದರೆ ಮುಂದಿನ ವರ್ಷದ ಫೀಸು ಎಲ್ಲಿಂದ ತರ್ತೀರಿ?” ಎಂದು ಅಮ್ಮಿ ತಡೆದರು. ಅಬ್ಬಾ ಎರಡು ತಿಂಗಳು ರಾತ್ರಿಯೂ ಹೊಲಿದು ಫೀಸು ಕಟ್ಟಿದರು.

ಮಾರಲು ಬೆಳೆದ ಲಾವಂಚವನ್ನು ರೈತ ಧಾರಾಳವಾಗಿ ಮಾರಲಿ. ಬದುವಿನ ಸಾಲು ಮಾತ್ರ ಅವನ ಹೊಲಿಗೆ ಯಂತ್ರ.