ಹರಾಜಿನಲ್ಲಿ ಬಂದ ಮನೆ

2017ರ ಮಳೆಗಾಲದ ಮಾತು. ಒಂದು ಸಂಜೆ ಭಾವ ಪೇಪರಿನಿಂದ ಕತ್ತರಿಸಿದ ಜಾಹೀರಾತು ಹಿಡಿದುಕೊಂಡು ಮನೆಗೆ ಬಂದರು. ಮೈಸೂರಿನ ಕುವೆಂಪುನಗರದ ಕಡೆ ಒಂದು ಮನೆ ಬ್ಯಾಂಕಿನ ಹರಾಜಿಗೆ ಬಂದಿತ್ತು. ಮೂವತ್ತು ನಲವತ್ತರ ಸೈಟು, ಕೆಳಗೊಂದು ಮನೆ, ಮಹಡಿ ಮೇಲೊಂದು ಮನೆ, ಮೀಸಲು ಬೆಲೆ 46 ಲಕ್ಷ. ಆ ಬೀದಿಯಲ್ಲಿ ಖಾಲಿ ಸೈಟಿಗೇ ಅದಕ್ಕಿಂತ ಹೆಚ್ಚು ಕೇಳುತ್ತಿದ್ದರು. ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲೇ ಇದ್ದ ಅಕ್ಕನ ಮುಖ ಅರಳಿತು.

ನಮ್ಮ ಸೋದರಮಾವ ಅಲ್ಲೇ ಕೂತಿದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಅದರಲ್ಲೂ ಸಾಲ ವಸೂಲಿಯ ಕಾಗದಗಳನ್ನೇ ನೋಡಿದವರು. ಕನ್ನಡಕ ಏರಿಸಿ, ಬೆಲೆ ಬರೆದ ಜಾಗ ಬಿಟ್ಟು, ಸಣ್ಣ ಅಕ್ಷರದ ಕೊನೆಯ ಭಾಗಕ್ಕೆ ಹೋದರು. ಅಲ್ಲಿ ಹೀಗಿತ್ತು: ಆಸ್ತಿಯನ್ನು ಇದ್ದಲ್ಲಿ ಇದ್ದಂತೆ, ಏನಿದೆಯೋ ಹಾಗೆ, ಎಷ್ಟಿದೆಯೋ ಅಷ್ಟು ಎಂಬ ಆಧಾರದ ಮೇಲೆ ಮಾರಲಾಗುವುದು, ಋಣಭಾರ, ಬಾಕಿ, ಅಳತೆಗಳನ್ನು ಕೊಳ್ಳುವವರೇ ವಿಚಾರಿಸಿಕೊಳ್ಳತಕ್ಕದ್ದು.

"ಇದರರ್ಥ ಮನೆ ಹಳೇದು, ಸುಣ್ಣ ಬಣ್ಣ ಮಾಡಿಸಿಕೊಡಲ್ಲ ಅಂತ ತಾನೆ ಮಾವ?" ಅಂದರು ಭಾವ.

"ಅಷ್ಟೇ ಆಗಿದ್ರೆ ಚೆನ್ನಾಗಿತ್ತು," ಅಂದರು ಮಾವ. "ನಾನು ನಿಮಗೆ ನನ್ನ ಮನೆ ಮಾರಿದೆ ಅಂತಿಟ್ಕೊಳ್ಳಿ. ಗೋಡೆಯೊಳಗೆ ಪೈಪು ಸೋರೋದು ನನಗೆ ಗೊತ್ತು, ನಿಮ್ಮ ಕಣ್ಣಿಗೆ ಕಾಣಲ್ಲ. ಅದನ್ನ ನಾನು ಹೇಳ್ಲೇಬೇಕು. ಹಕ್ಕಿನಲ್ಲಿ ತೊಡಕಿದ್ರೂ ಹೇಳ್ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆ, 55ನೇ ಸೆಕ್ಷನ್. ಆದ್ರೆ ಇಲ್ಲಿ ಮಾರೋದು ಬ್ಯಾಂಕು. ಆ ಮನೇಲಿ ಒಂದು ರಾತ್ರಿನೂ ಮಲಗಿದ್ದವರಲ್ಲ. ಅವರಿಗೆ ಗೊತ್ತಿರೋದು ಫೈಲು. ಗೊತ್ತಿಲ್ಲದ್ದನ್ನ ಹೇಳೋದು ಹೇಗೆ? ಅದಕ್ಕೇ ಹುಡುಕೋ ಕೆಲಸ ಪೂರ್ತಿ ನಿಮ್ಮ ಮೇಲೆ. ಕಡಿಮೆ ಬೆಲೆ ಬಂದಿರೋದೂ ಅದಕ್ಕೇ."

ಇನ್ನೊಂದು ಪದದ ಕೆಳಗೆ ಅವರು ಪೆನ್ನಿನಲ್ಲಿ ಗೆರೆ ಎಳೆದರು: ಸಾಂಕೇತಿಕ ಸ್ವಾಧೀನ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಮೊದಲು ಸಾಲಗಾರನಿಗೆ 60 ದಿನದ ನೋಟಿಸು ಕೊಡುತ್ತದೆ. ಹಣ ಬರದಿದ್ದರೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ ಪೇಪರಿನಲ್ಲಿ ಹಾಕುತ್ತದೆ. ಅಲ್ಲಿಗೆ ಕಾಗದದ ಮೇಲೆ ಮನೆ ಬ್ಯಾಂಕಿನ ಕೈಗೆ ಬಂತು. ಬೀಗದ ಕೈ ಮಾತ್ರ ಇನ್ನೂ ಮನೆಯವರ ಹತ್ತಿರವೇ ಇರುತ್ತದೆ. ಅವರಾಗಿ ಬಿಡದಿದ್ದರೆ ಬ್ಯಾಂಕು 14ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯ ಮುಂದೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಸಾಲಗಾರನಿಗೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನದ ಅವಕಾಶವಿದೆ. ದುಡ್ಡು ಕಟ್ಟಿಯೂ ಒಳಗೆ ಕಾಲಿಡಲಾಗದೆ ಕಾದ ಎಷ್ಟೋ ಜನರನ್ನು ಮಾವ ಕಂಡಿದ್ದರು.

ಆಸ್ತಿ ನೋಡಲು ಬ್ಯಾಂಕು ಗೊತ್ತು ಮಾಡಿದ ದಿನ ಜಿಟಿಜಿಟಿ ಮಳೆ. ಭಾವ ಮುಂದೆ ಹಾಕೋಣವೇ ಎಂದಾಗ ನಮ್ಮ ಗಾರೆ ಮೇಸ್ತ್ರಿ ಒಪ್ಪಲಿಲ್ಲ. "ಮಳೇಲೇ ನೋಡ್ಬೇಕು ಸಾರ್. ಬೇಸಿಗೇಲಿ ಎಲ್ಲಾ ಮನೆನೂ ಚೆನ್ನಾಗೇ ಇರುತ್ತೆ."

ಬ್ಯಾಂಕಿನ ಅಧಿಕಾರಿ ಸಭ್ಯರು. ಕೀಲಿ ಇಲ್ಲ, ಹೊರಗಿನಿಂದ ನೋಡಿಕೊಳ್ಳಿ ಎಂದರು. ಕೆಳಮನೆಗೆ ಬೀಗ ಬಿದ್ದಿತ್ತು. ಮೇಸ್ತ್ರಿ ತಾರಸಿಗೆ ಹತ್ತಿ ಅಲ್ಲಿಂದ ಶುರು ಮಾಡಿದರು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿಯುತ್ತದೆ ಎಂದು ಸುಮ್ಮನೆ ನಿಂತು ನೋಡಿದರು. ಆಮೇಲೆ ಕರಣೆಯ ಹಿಡಿಯಿಂದ ಸಜ್ಜಾದ ಅಡಿಭಾಗ ತಟ್ಟುತ್ತಾ ಬಂದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಪೊಳ್ಳು. ಪೊಳ್ಳು ಬಂದ ಕಡೆ ಸ್ವಲ್ಪ ಕೆದಕಿದರೆ ಗಾರೆ ಕೈಗೆ ಬಂತು, ಒಳಗೆ ತುಕ್ಕು ಹಿಡಿದು ಉಬ್ಬಿದ ಕಂಬಿ ಕಾಣಿಸಿತು. ಕಂಬಿಗೆ ತುಕ್ಕು ಹಿಡಿದರೆ ಅದು ದಪ್ಪವಾಗುತ್ತದೆ, ದಪ್ಪವಾಗುತ್ತಾ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಎಷ್ಟು ಬಣ್ಣ ಹೊಡೆದರೂ ಆ ಸೀಳು ಮುಚ್ಚುವುದಿಲ್ಲ. ಗೋಡೆಯ ಕೂದಲೆಳೆ ಬಿರುಕುಗಳನ್ನು ಮೇಸ್ತ್ರಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದಿದ್ದ ಒಂದೇ ಒಂದು ಬಿರುಕಿನ ಮುಂದೆ ಮಾತ್ರ ಬಹಳ ಹೊತ್ತು ಕೂತರು. ಅಡಿಪಾಯ ಕುಸಿಯುತ್ತಿದ್ದರೆ ಬಿರುಕು ಒಂದು ತುದಿಯಲ್ಲಿ ಅಗಲವಾಗುತ್ತಾ ಹೋಗುತ್ತದಂತೆ. ಇದು ಹಾಗಿರಲಿಲ್ಲ. "ಮನೆ ನಿಂತುಕೊಳ್ಳುತ್ತೆ. ಸಜ್ಜಾ ಮಾತ್ರ ಒಡೆದು ಹೊಸದಾಗಿ ಹಾಕ್ಬೇಕು," ಅಂದರು.

ಪಕ್ಕದ ಮನೆಯ ಅಜ್ಜಿ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಹೋಗಿ ಮಾತಾಡಿಸಿದಳು. ಜೋರು ಮಳೆ ಬಂದರೆ ಆ ಮನೆಯ ಒಳಚರಂಡಿ ಚೇಂಬರು ಉಕ್ಕುತ್ತದೆ ಎನ್ನುವುದು ಅವರಿಂದಲೇ ತಿಳಿದದ್ದು. ಯಾವ ನೋಟಿಸಿನಲ್ಲೂ ಇಲ್ಲದ ಮಾತು.

ನಾನು ಹೇಳಹೊರಟ ಕಥೆ ನಿಜವಾಗಿ ಶುರುವಾಗುವುದು ಮಹಡಿ ಮೇಲೆ. ಅಲ್ಲೊಂದು ಸಂಸಾರವಿತ್ತು. ಗಂಡ ಆಟೋ ಓಡಿಸುತ್ತಿದ್ದರು, ಹೆಂಡತಿ ಬಟ್ಟೆ ಹೊಲಿಯುತ್ತಿದ್ದರು, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಆಕೆ ಬಾಗಿಲು ತೆರೆದಾಗಲೇ ಕಣ್ಣಲ್ಲಿ ಭಯವಿತ್ತು. "ನಾವು ಲೀಸಿಗಿದೀವಿ ಅಣ್ಣ. ನಾಲ್ಕು ಲಕ್ಷ ಕೊಟ್ಟಿದೀವಿ. ಇದು ಬ್ಯಾಂಕಲ್ಲಿ ಇದೆ ಅಂತ ನಮಗೆ ಯಾರೂ ಹೇಳ್ಲಿಲ್ಲ." ಸ್ಟ್ಯಾಂಪ್ ಪೇಪರಿನ ಮೇಲೆ ಮೂರು ವರ್ಷಕ್ಕೆ ಬರೆದು ನೋಟರಿ ಮಾಡಿಸಿದ ಕರಾರನ್ನು ತಂದು ತೋರಿಸಿದರು. ಒಂದು ವರ್ಷ ಮೀರಿದ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಇದು ಆಗಿರಲಿಲ್ಲ. ಮನೆ ಅಡವಿಟ್ಟ ಮೇಲೆ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಕೊಟ್ಟ ಭೋಗ್ಯ ಬೇರೆ. ಬ್ಯಾಂಕಿನ ಎದುರು ಆ ಕಾಗದ ನಿಲ್ಲುವುದು ಬಹಳ ಕಷ್ಟ ಎಂದು ಮಾವನಿಗೆ ಓದಿದ ಕೂಡಲೇ ಗೊತ್ತಾಯಿತು. ಆಕೆಯ ಮುಂದೆ ಅವರು ಅದನ್ನು ಹೇಳಲಿಲ್ಲ. ಮನೆ ಮಾಲೀಕರ ಫೋನ್ ನಂಬರ್ ಕೇಳಿದರು.

ಮಾಲೀಕರು ಅದೇ ವಾರ ಬಂದರು. ಬರಬೇಕಾದ ಯಾವ ಕಟ್ಟುಪಾಡೂ ಅವರಿಗಿರಲಿಲ್ಲ. ಸಣ್ಣ ಆಫ್‌ಸೆಟ್ ಪ್ರೆಸ್ ಇಟ್ಟಿದ್ದವರು. ಯಂತ್ರಕ್ಕೆ ಸಾಲ ಮಾಡಿ, ಮನೆ ಅಡವಿಟ್ಟು, ಕೆಲಸ ಕಡಿಮೆಯಾಗಿ ಕಂತು ನಿಂತುಹೋಗಿತ್ತು. ಬೀಗ ತೆಗೆದು ನಮ್ಮನ್ನು ಒಳಗೆ ಕರೆದರು. ಖಾಲಿ ಹಾಲಿನಲ್ಲಿ ಕೂರಲು ಏನೂ ಇರಲಿಲ್ಲ, ನಿಂತೇ ಮಾತಾಡಿದೆವು.

"ಇದು ನಮ್ಮಪ್ಪ ಕಟ್ಟಿಸಿದ ಮನೆ. ನಾಳೆ ನೀವು ಬಂದ್ಮೇಲೆ ಗೋಡೆ ನೋಡ್ಕೊಂಡು ನನ್ನ ಬಯ್ಯೋದು ಬೇಡ ಸಾರ್, ಈಗಲೇ ಹೇಳಿಬಿಡ್ತೀನಿ," ಎಂದು ಒಂದೊಂದೇ ಕೋಣೆಗೆ ಕರೆದೊಯ್ದರು. ಬಚ್ಚಲುಮನೆಯ ಪೈಪು ದೇವರಕೋಣೆಯ ಗೋಡೆಯೊಳಗೆ ಹಾದುಹೋಗಿದೆ, ಒಮ್ಮೆ ಒಡೆದಿತ್ತು, ಜೋಡಿಸಿದ ಜಾಗ ಇಲ್ಲಿದೆ ಎಂದು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದರು. ಸಂಪಿನಲ್ಲಿ ಬಿರುಕಿದೆ, ರಾತ್ರಿ ತುಂಬಿಸಿದ ನೀರು ಬೆಳಿಗ್ಗೆ ಹೊತ್ತಿಗೆ ತಗ್ಗಿರುತ್ತದೆ. ಎರಡು ವರ್ಷದ ಕಂದಾಯ ಕಟ್ಟಿಲ್ಲ, ಕರೆಂಟ್ ಬಿಲ್ ಬಾಕಿ ಇದೆ. ಎಲ್ಲಕ್ಕಿಂತ ದೊಡ್ಡದನ್ನು ಕೊನೆಗೆ ಹೇಳಿದರು: ನಕ್ಷೆ ಮಂಜೂರಾಗಿರುವುದು ಕೆಳಗಿನ ಮನೆಗೆ ಮಾತ್ರ. ಮಹಡಿಯನ್ನು ಆಮೇಲೆ ಪರವಾನಗಿ ಇಲ್ಲದೆ ಕಟ್ಟಿದ್ದು. ಪೇಪರಿನ ಜಾಹೀರಾತು ಎರಡು ಅಂತಸ್ತಿನ ಮನೆ ಎಂದೇ ಹೇಳಿತ್ತು.

ಬೀಗ ಹಾಕುವಾಗ ಅವರು ತಲೆ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. "ಮೇಲಿನೋರ ದುಡ್ಡು ನನ್ನ ತಲೆ ಮೇಲಿದೆ ಸಾರ್. ಆ ದುಡ್ಡನ್ನೂ ಕಂತಿಗೇ ಕಟ್ಟಿಬಿಟ್ಟೆ."

ವಾಪಸ್ಸು ಬರುವಾಗ ಕಾರಿನಲ್ಲಿ ಮಾವ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. "ಗಮನಿಸಿದ್ರಾ? ಹರಾಜಲ್ಲಿ ಹೆಚ್ಚು ಬಂದು ಸಾಲ ತೀರಿ ಉಳಿದ್ರೆ ಅದು ಆತನಿಗೇ ಸೇರ್ಬೇಕು. ಕಡಿಮೆ ಬಿದ್ರೆ ಮಿಕ್ಕಿದ್ದಕ್ಕೆ ಬ್ಯಾಂಕು ಆತನ್ನೇ ಹಿಡಿಯುತ್ತೆ. ಒಂದೊಂದು ದೋಷ ಹೇಳಿದಾಗಲೂ ಆತ ತನ್ನ ಜೇಬಿಂದಲೇ ಕಳ್ಕೊಂಡ." ಹೇಳಲೇಬೇಕಾದ ಮಾರಾಟಗಾರರೇ ಎಷ್ಟೋ ಸಲ ಮುಚ್ಚಿಡುವುದನ್ನು ಕಂಡಿದ್ದೇನೆ. ಮನೆ ಕಳೆದುಕೊಳ್ಳುತ್ತಿದ್ದ ಈ ಮನುಷ್ಯ, ಕಾನೂನು ಕೇಳದಿದ್ದರೂ, ತನಗೇ ನಷ್ಟವೆಂದು ತಿಳಿದೂ ಎಲ್ಲವನ್ನೂ ಹೇಳಿದರು. ಅವರ ಬಗ್ಗೆ ನನಗೆ ಅಂದಿನಿಂದ ಇಂದಿನವರೆಗೂ ಗೌರವ.

ಆ ರಾತ್ರಿ ಭಾವ ಲೆಕ್ಕಕ್ಕೆ ಕೂತರು. ರಿಪೇರಿಗೆ ಸುಮಾರು 5 ಲಕ್ಷ, ಬಾಕಿಗಳಿಗೆ 1 ಲಕ್ಷ, ಸ್ಟ್ಯಾಂಪು ನೋಂದಣಿಗೆ 3 ಲಕ್ಷ. ಅದರ ಕೆಳಗೆ ಅಕ್ಕ ಪೆನ್ನು ಇಸಿದುಕೊಂಡು 'ಮೇಲಿನವರಿಗೆ' ಎಂದು ಬರೆದು 3 ಲಕ್ಷ ಹಾಕಿದಳು. ಕಾನೂನಿನ ಪ್ರಕಾರ ಕೊಡಬೇಕಾಗಿಲ್ಲವಲ್ಲ ಎಂದು ಭಾವ ಅಂದದ್ದುಂಟು. "ಆ ಹೆಂಗಸಿನ ಮಿಷನ್ನು ರಸ್ತೆಗಿಡಿಸಿ ನಾನು ಅಲ್ಲಿ ಹಾಲು ಉಕ್ಕಿಸಲ್ಲ," ಅಂದಳು ಅಕ್ಕ. ಅಲ್ಲಿಗೆ ಮಾತು ಮುಗಿಯಿತು. ಇಷ್ಟೆಲ್ಲ ಕಳೆದ ಮೇಲೆ ಕೂಗಬಹುದಾದ ಮಿತಿ 49 ಲಕ್ಷಕ್ಕೆ ಬಂದು ನಿಂತಿತು. ಎಲ್ಲ ಸೇರಿದರೆ ಮನೆ 61 ಲಕ್ಷದ್ದು.

ಹರಾಜು ನಡೆದದ್ದು ಕಂಪ್ಯೂಟರಿನ ಮುಂದೆ. ಮೀಸಲು ಬೆಲೆಯ ಶೇ. 10ರಷ್ಟನ್ನು ಮುಂಗಡ ಠೇವಣಿಯಾಗಿ ಮೊದಲೇ ಕಟ್ಟಿದ್ದಾಗಿತ್ತು. 49ರೊಳಗೇ ಮನೆ ಭಾವನಿಗೆ ಬಂತು. ಠೇವಣಿಯೂ ಸೇರಿ ಬೆಲೆಯ ಶೇ. 25ರಷ್ಟನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಉಳಿದದ್ದನ್ನು ಮಾರಾಟ ಖಚಿತವಾದ 15 ದಿನದೊಳಗೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಗೃಹಸಾಲ ಆ ವೇಗದಲ್ಲಿ ಬರುವುದು ಅಪರೂಪ ಎಂದು ಮಾವ ಎಚ್ಚರಿಸಿದ್ದರಿಂದ ಭಾವ ಪಿಎಫ್ ಹಣವನ್ನೂ ಅಕ್ಕನ ಒಡವೆಯ ಮೇಲಿನ ಸಾಲವನ್ನೂ ಮೊದಲೇ ಸಿದ್ಧವಿಟ್ಟುಕೊಂಡಿದ್ದರು. ಬ್ಯಾಂಕಿನ ಮಾರಾಟ ಪ್ರಮಾಣಪತ್ರ ಕೈಗೆ ಬಂದ ವಾರವೇ ಮಾಲೀಕರು ತಾವಾಗಿ ಕೀಲಿ ಒಪ್ಪಿಸಿದರು. ಜಿಲ್ಲಾಧಿಕಾರಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಕರೆಂಟ್ ಬಾಕಿ ಕಟ್ಟುವವರೆಗೆ ಸಂಪರ್ಕ ಸಿಗಲಿಲ್ಲ. ಹಳಬರ ಬಾಕಿಯನ್ನು ಹೊಸಬರು ಯಾಕೆ ಕಟ್ಟಬೇಕು ಎಂದು ಆಗ ನನಗೂ ಸಿಟ್ಟು ಬಂದಿತ್ತು. ಆಮೇಲೆ 2023ರಲ್ಲಿ ಕೇರಳದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ವಿವರವಾಗಿ ನೋಡಿತು. ನಿಯಮಗಳಲ್ಲಿ ಅವಕಾಶವಿದ್ದರೆ, ಇದ್ದಂತೆಯೇ ಎಂಬ ಷರತ್ತಿನ ಮೇಲೆ ಹರಾಜಿನಲ್ಲಿ ಕೊಂಡವರಿಂದ ಹಳೆಯ ಬಾಕಿ ಕೇಳಬಹುದು ಎಂದು ತೀರ್ಪಾಯಿತು.

ಮಹಡಿಯವರು ಒಂದೂವರೆ ವರ್ಷ ಬಾಡಿಗೆ ಇಲ್ಲದೆ ಅಲ್ಲೇ ಇದ್ದರು. ದೊಡ್ಡ ಮಗಳ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಬಿಟ್ಟುಕೊಟ್ಟರು. ಬಿಡುವಾಗ ಭಾವ ಒಂದೂವರೆ ಲಕ್ಷ ಕೊಟ್ಟರು. ಬಾಡಿಗೆಯ ಲೆಕ್ಕ ಹಿಡಿದರೂ ಅವರ ನಾಲ್ಕು ಲಕ್ಷ ಪೂರ್ತಿ ಬರಲಿಲ್ಲ. ಉಳಿದದ್ದನ್ನು ಕೊಡಬೇಕಾದವರ ಹತ್ತಿರ ಕೊಡಲು ಏನೂ ಇರಲಿಲ್ಲ. ಈ ವ್ಯವಹಾರದಲ್ಲಿ ಬ್ಯಾಂಕಿಗೆ ಕಾನೂನಿನ ಬಲವಿತ್ತು, ಭಾವನಿಗೆ ಮಾವನ ತಿಳಿವಳಿಕೆ ಇತ್ತು. ಏನೂ ಇಲ್ಲದೆ ನಿಂತವರು ಮಹಡಿ ಮೇಲಿನವರು. ಇದು ನ್ಯಾಯವಲ್ಲ. ಹರಾಜಿನ ನೋಟಿಸಿನಲ್ಲಿ ಒಳಗೆ ಯಾರಿದ್ದಾರೆ, ಅವರ ಎಷ್ಟು ಹಣ ಸಿಕ್ಕಿಕೊಂಡಿದೆ ಎಂಬುದನ್ನು ಬರೆಯುವುದು ಕಡ್ಡಾಯವಾಗಬೇಕು ಎಂದೇ ನನ್ನ ಅಭಿಪ್ರಾಯ.

ಭೋಗ್ಯಕ್ಕೆ ಮನೆ ಹಿಡಿಯಲು ಹೊರಟವರಲ್ಲಿ ಒಂದು ಬೇಡಿಕೆ. ದುಡ್ಡು ಎಣಿಸಿ ಕೊಡುವ ಮೊದಲು ಆ ಮನೆಯ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲೂ ಹುಡುಕಿಸಿ. ಅದರ ಶುಲ್ಕ ಅಲ್ಪ. ಮೂಲ ಪತ್ರ ತೋರಿಸಿ ಎಂದು ಮಾಲೀಕರನ್ನು ಕೇಳಲು ಸಂಕೋಚ ಬೇಡ. ಕರಾರನ್ನು ನೋಂದಣಿ ಮಾಡಿಸಿ. ಹರಾಜಿನ ಮನೆ ಕೊಳ್ಳುವವರು ಮುಂಗಡ ಠೇವಣಿ ಕಟ್ಟುವ ಮೊದಲು ಒಂದು ಮಳೆಯ ದಿನ ಅಲ್ಲಿಗೆ ಹೋಗಿ, ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಅಲ್ಲಿ ಬಾಳಿದವರನ್ನೂ ಬಾಳುತ್ತಿರುವವರನ್ನೂ ಮಾತಾಡಿಸಿ ಬನ್ನಿ.